ಮುಳ್ಳಿನ ಭಾರ

ಮಿರಜಿನ ಡಾಕ್ಟರರು ಭರಮವ್ವನ ಗಂಟಲಿನ ಗಡ್ಡೆ ತೆಗೆದು ಜೀವ ಉಳಿಸಿದರು. ಧ್ವನಿ ಮಾತ್ರ ತಿರುಗಿ ಬರಲಿಲ್ಲ. ಬಾಯಿ ತೆರೆದರೆ ಕಬ್ಬಿನ ಒಣಗರಿಯ ರವದಿ ತುಳಿದಂಥ ಸಪ್ಪಳ. ಹುಕ್ಕೇರಿಯ ಆ ಮನೆಯಲ್ಲಿ ಅದರಿಂದ ಯಾವ ಕೆಲಸವೂ ನಿಲ್ಲಲಿಲ್ಲ. "ಆರಾಮ ಆದ್ಯಲ್ಲ, ಅಷ್ಟ ಸಾಕು" ಅಂದ ಗಂಡ ಉದ್ದಪ್ಪ. ಅವನು ಮನಸ್ಸಿನಿಂದಲೇ ಅಂದಿದ್ದ.

ಅವನಿಗೇನು ಗೊತ್ತು? ಮದುವೆಗೆ ಮೊದಲು, ತವರು ಮೂಡಲಗಿಯಲ್ಲಿ, ಭರಮವ್ವ ಹಾಡುತ್ತಿದ್ದಳು. ಹಾರ್ಮೋನಿಯಂ ಪೇಟಿ ಬಾರಿಸುವ ಅಣ್ಣಾಸಾಹೇಬ ಅವಳನ್ನೂ ಅವಳ ಅಪ್ಪನನ್ನೂ ಕೊಲ್ಲಾಪುರಕ್ಕೆ ಕರೆದೊಯ್ದು ಒಂದು ಹಾಡು ಹಾಡಿಸಿದ್ದ. ಗ್ರಾಮಫೋನ್ ಪ್ಲೇಟಿನ ಕಂಪನಿಯವರು ಪರೀಕ್ಷೆಗೆಂದು ಮೆತ್ತನೆಯ ಕರಿ ಲೇಪದ ಒಂದೇ ಪ್ಲೇಟು ಕೊರೆದರು. ತಿಂಗಳೊಪ್ಪತ್ತಿನಲ್ಲಿ ಬೇಡವೆಂದು ಅದನ್ನೇ ವಾಪಸು ಕಳಿಸಿದರು. ಮುಂದೆ ಮದುವೆಯಾಯಿತು. ಗಂಡನ ಮನೆಯಲ್ಲಿ ಹಾಡಬೇಡ ಎಂದು ಯಾರೂ ಹೇಳಲಿಲ್ಲ, ಹಾಡು ಎಂದೂ ಯಾರೂ ಹೇಳಲಿಲ್ಲ. ಪ್ಲೇಟು ಟ್ರಂಕಿನ ತಳ ಸೇರಿತು.

ಈಗ, ಧ್ವನಿ ಹೋದ ಮೇಲೆ, ಅದನ್ನು ಒಮ್ಮೆ ಕೇಳಬೇಕೆಂಬ ಆಸೆ ಅವಳನ್ನು ಕೂತಲ್ಲಿ ಕೂಡಗೊಡಲಿಲ್ಲ. ಕಡೆಗೆ ಗಂಡನ ಮುಂದೆ ಬಾಯಿಬಿಟ್ಟಳು. ಉದ್ದಪ್ಪ ಬೆರಗಾದ. ಪ್ಲೇಟನ್ನು ಬಗಲಲ್ಲಿ ಹಿಡಿದು ಪೇಟೆಯ ಚಹಾದಂಗಡಿಗೆ ಅವಳನ್ನು ಕರೆದೊಯ್ದ. ಅಲ್ಲಿನ ಕೀಲಿ ಕೊಡುವ ಗ್ರಾಮಫೋನಿನ ತಲೆ ಭಾರ, ಮುಳ್ಳು ಉಕ್ಕಿನದು. ಅದು ಊರಿದ ಕೂಡಲೆ ಪ್ಲೇಟಿನ ಮೇಲೆ ಕರಿ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು. ಭರಮವ್ವ ಎರಡೂ ಕೈಯಿಂದ ಮುಳ್ಳನ್ನು ಎತ್ತಿಬಿಟ್ಟಳು. ಹಾಡಿನ ಮೊದಲ ಸಾಲು ಅಷ್ಟರಲ್ಲೇ ಹೋಗಿತ್ತು.

"ಅಣ್ಣಾಸಾಹೇಬರು ಗೋಕಾಕದಾಗ ಅದಾರು. ಮುಂಬಯಿಂದ ಅವರ ತಮ್ಮ ಪ್ಲೇಟ ಹಚ್ಚೋ ಕರೆಂಟಿನ ಪೆಟಗಿ ಕಳಿಸ್ಯಾನಂತ" ಎಂದಳು. ಉದ್ದಪ್ಪ ಮರುದಿನವೇ ಬಸ್ಸು ಹತ್ತಿಸಿದ.

ತಲೆ ನೆರೆತ ಅಣ್ಣಾಸಾಹೇಬ ಅವಳ ಧ್ವನಿ ಕೇಳಿ ಅವಳ ಕೈಯಿಂದ ಪ್ಲೇಟು ಇಸಿದುಕೊಂಡ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, "ಭಾಳ ನಾಜೂಕ ಐತಿ, ತಂಗಿ" ಎಂದ.

ಅವನ ಪೆಟ್ಟಿಗೆಯ ತೋಳು ತೆಳ್ಳಗೆ, ಉದ್ದಕ್ಕಿತ್ತು. ತುದಿಯಲ್ಲಿ ಸಣ್ಣ ಮುಳ್ಳು, ಹಿಂದಿನ ಬಾಲದಲ್ಲಿ ತಿರುಗಿಸಿದರೆ ಹಿಂದೆ ಮುಂದೆ ಸರಿಯುವ ಲೋಹದ ಗುಂಡು. ಅಣ್ಣಾಸಾಹೇಬ ಗುಂಡನ್ನು ಮೆಲ್ಲಗೆ ತಿರುಗಿಸುತ್ತ ಹೋದ. ಅಕ್ಕಸಾಲಿಗನ ತಕ್ಕಡಿಯ ಹಾಗೆ ತೋಳು ಮೇಲೂ ಏಳದೆ ಕೆಳಗೂ ಬೀಳದೆ ಗಾಳಿಯಲ್ಲಿ ನಿಂತಿತು. "ಈಗ ಮುಳ್ಳಿಗೆ ಭಾರನ ಇಲ್ಲ. ಇಲ್ಲಿಂದ ಗುಂಡು ಎಷ್ಟು ಮುಂದ ಸರಸತೇವೋ, ಮುಳ್ಳು ಅಷ್ಟ ಒತ್ತತೈತಿ" ಎಂದು ಕೂದಲೆಳೆಯಷ್ಟು ಸರಿಸಿದ.

ಸಾಲಲಿಲ್ಲ. ಮುಳ್ಳು ಗೀರಿನಲ್ಲಿ ನಿಲ್ಲದೆ ಪ್ಲೇಟಿನ ಮೇಲೆ ಜಾರಿತು. ಇನ್ನಷ್ಟು ಸರಿಸಿದ. ಮರಳು ಸುರಿದಂಥ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹುಡುಗಿ ಹಾಡುತ್ತಿದ್ದಳು. ಪದ ತಿಳಿಯುತ್ತಿರಲಿಲ್ಲ. ಸ್ವರ ಏರಿದಲ್ಲೆಲ್ಲ ಮುಳ್ಳು ನಡುಗಿ ಹಾರುತ್ತಿತ್ತು.

"ಇನ್ನಷ್ಟು ಭಾರ ಕೊಡ್ರಿ" ಎಂದಳು ಭರಮವ್ವ.

"ಕೊಟ್ಟರ ಚಲೋ ಕೇಳತೈತಿ. ಆದರ ಹಾಡಿದಷ್ಟೂ ಸವದು ಹೋಗತೈತಿ."

"ಟ್ರಂಕಿನಾಗ ಇಟ್ಟು ಏನ್ ಮಾಡ್ಲಿರಿ? ಕೊಡ್ರಿ."

ಅಣ್ಣಾಸಾಹೇಬ ಗುಂಡು ತಿರುಗಿಸಿದ. ಮುಳ್ಳು ಗಟ್ಟಿಯಾಗಿ ಕೂತಿತು. ಪೇಟಿಯ ಸ್ವರದ ಮೇಲೆ ತುಂಬಿದ, ಅಂಜಿಕೆಯಿಲ್ಲದ ದನಿ ಎದ್ದು ಕೋಣೆಯೆಲ್ಲ ಹರಡಿತು. ಹಾಡಿನ ಹೆಣ್ಣು ಮೂಡಲಿನ ದಾರಿ ನೋಡುತ್ತ ಹೊಸ್ತಿಲಲ್ಲಿ ನಿಂತು, ಬರುವವನನ್ನು ಇನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಭರಮವ್ವನ ತುಟಿ ಪದದ ಜೊತೆ ಆಡಿತು. ತನ್ನದೇ ಎಂದು ಗುರುತು ಹತ್ತಿತು, ಆದರೆ ಕೈಚಾಚಿದರೆ ಸಿಗುವಂಥದ್ದಾಗಿರಲಿಲ್ಲ.

ಅವಳು ಗಂಡನ ಕಡೆ ನೋಡಿದಳು. ಉದ್ದಪ್ಪ ತಲೆಯ ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಬಾಯಿ ತುಸು ತೆರೆದು ಕೂತಿದ್ದ.

"ಇದು ನೀನ?" ಎಂದ. ಹಾಡು ಮುಗಿಯುತ್ತಲೇ, "ಮತ್ತೊಮ್ಮಿ ಹಚ್ಚರಿ" ಎಂದ.

ಎರಡನೆಯ ಸಲ ದನಿ ತುಸು ಮಸುಕಾಗಿತ್ತು. ಅವನು ಮತ್ತೆ ಹಚ್ಚಿಸಿದ. ಪ್ಲೇಟಿನ ಹೊಳಪು ಬೂದಿ ಬಣ್ಣಕ್ಕೆ ತಿರುಗುತ್ತಿರುವುದು ಅವನ ಕಣ್ಣಿಗೆ ಬೀಳಲಿಲ್ಲ. ತಾನು ಹತ್ತಿರವೇ ಕೂತಿರುವಾಗ ಗಂಡ ಆ ಹುಡುಗಿಗಾಗಿ ಹಂಬಲಿಸುವುದನ್ನು ಭರಮವ್ವ ನೋಡಿದಳು. ತಾನೇ ಕೈಚಾಚಿ ತೋಳನ್ನೆತ್ತಿ ಬದಿಗಿಟ್ಟಳು.

"ಸಾಕ್ರಿ."

ಪ್ಲೇಟನ್ನು ಅಣ್ಣಾಸಾಹೇಬನಿಗೇ ಕೊಟ್ಟಳು. ಅವನ ಪೇಟಿಯೂ ಅದರಲ್ಲಿತ್ತಲ್ಲ.

ಬಸ್ಸು ಘಟಪ್ರಭೆಯ ಸೇತುವೆ ದಾಟಿತು. ಉದ್ದಪ್ಪ ಕೇಳಿದ: "ಇಷ್ಟ ವರ್ಷ ನನ್ನ ಮುಂದ ಯಾಕ ಹಾಡಲಿಲ್ಲ?"

"ನೀವು ಕೇಳಲಿಲ್ಲ."

ಅವನು ಹೊರಗೆ ನೋಡಿದ. ಅವಳ ಕಡೆ ತಿರುಗಿ, "ಆ ಹಾಡಿನ ಕಡೀ ನುಡಿ ನನಗ ತಿಳೀಲಿಲ್ಲ. ಏನೈತಿ ಅದರಾಗ?" ಎಂದ.

ಭರಮವ್ವ ಸೆರಗಿನಿಂದ ಗಂಟಲು ಒತ್ತಿಕೊಂಡು, ರಾಗವಿಲ್ಲದೆ, ಒಂದೊಂದೇ ಪದ ಹೇಳತೊಡಗಿದಳು. ಬಸ್ಸಿನ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಉದ್ದಪ್ಪ ಅವಳ ಬಾಯಿಯ ಹತ್ತಿರ ಕಿವಿ ತಂದು, ಕಣ್ಣು ಮುಚ್ಚಿ, ಬಾಗಿ ಕೂತ.