ಖಾಲಿ ಇದ್ದರೆ ಬಿಟ್ಟುಬಿಡು

ಲೇಸರಿನ ಕೆಂಪು ಚುಕ್ಕೆ ನಡುಗುತ್ತಿದೆ, ನಮ್ಮ ಸಂಸ್ಥೆಯ ನಿರ್ದೇಶಕರ ಕೈ ಅಲುಗಿದಂತೆಲ್ಲ ಗೋಡೆಯ ಮೇಲಿನ ಅಳತೆಪಟ್ಟಿಯಲ್ಲಿ ಸರ್ಕಾರವೂ ಒಂಚೂರು ಎಡಕ್ಕೆ, ಒಂಚೂರು ಬಲಕ್ಕೆ, ಮತ್ತೆ ನಾಲ್ಕು ಪಾಯಿಂಟ್ ಒಂಬತ್ತರ ಮೇಲೆ ಬಂದು ಕೂರುತ್ತದೆ, ನೋಡಿ ಸರ್, ಸೊನ್ನೆ ಅಂದ್ರೆ ಪೂರ್ತಿ ಎಡ, ಹತ್ತು ಅಂದ್ರೆ ಪೂರ್ತಿ ಬಲ, ನಮ್ಮ ಸರ್ಕಾರ ಸರಿಯಾಗಿ ಮಧ್ಯದಲ್ಲಿದೆ, ಇಲಾಖೆಯವರು ತಲೆಯಾಡಿಸುತ್ತಾರೆ, ಮಧ್ಯದಲ್ಲಿದೆ ಅಂದರೆ ಯಾರಿಗೆ ತಾನೇ ಬೇಜಾರು — ಮೂರೂ ಇಪ್ಪತ್ತೆರಡು. ಬಸ್ಸು ನಾಲ್ಕಕ್ಕೆ. ಇಲ್ಲಿಂದ ಬಸ್ ನಿಲ್ದಾಣಕ್ಕೆ ಬಿದ್ದೆದ್ದು ಓಡಿದರೂ ಇಪ್ಪತ್ತು ನಿಮಿಷ. ಎದ್ದು ಹೋಗೋಣವೆಂದರೆ ನನ್ನನ್ನು ಕೂರಿಸಿರುವುದು ಮೂಲೆಯಲ್ಲಿ, ಬೆನ್ನಿಗೆ ಗೋಡೆ, ಹೊಟ್ಟೆಗೆ ಮೇಜು, ಬಾಗಿಲಿಗೂ ನನಗೂ ನಡುವೆ ಆರು ಕುರ್ಚಿ, ಆರರಲ್ಲೂ ದೊಡ್ಡ ಮನುಷ್ಯರು, ನಾನೊಬ್ಬಳು ಏಳಬೇಕೆಂದರೆ ಇಡೀ ಇಲಾಖೆ ಏಳಬೇಕು. ಮಗಳು ಇವತ್ತು ಹಾಸ್ಟೆಲಿಗೆ ಹೊರಡ್ತಾಳೆ ಸರ್, ಎಂದು ನಿರ್ದೇಶಕರಿಗೆ ಬೆಳಿಗ್ಗೆಯೇ ಹೇಳಿದ್ದೆ, ಅಯ್ಯೋ ಮೂರಕ್ಕೆಲ್ಲ ಮುಗಿದುಹೋಗುತ್ತೆ ಬಿಡಿ, ಲೆಕ್ಕ ಕೇಳಿದ್ರೆ ಹೇಳೋಕೆ ನೀವಿರಬೇಕಮ್ಮ, ಅಂದಿದ್ದರು, ಇಲ್ಲಿಯವರೆಗೆ ಯಾರೂ ಲೆಕ್ಕ ಕೇಳಿಲ್ಲ, ಕೇಳುವ ಮುಖಗಳೂ ಅಲ್ಲ. ಎದುರಿಗೆ ನನ್ನದೇ ಹಾಳೆ. ಮೈತ್ರಿ ಸರ್ಕಾರ, ಐದು ಪಕ್ಷ, ಐದು ಸಾಲು, ಒಂದೊಂದು ಪಕ್ಷದ ಪ್ರಣಾಳಿಕೆಯನ್ನೂ ವಾಕ್ಯ ವಾಕ್ಯವಾಗಿ ಬಿಡಿಸಿ ಅಂಕ ಕೊಟ್ಟು, ಆ ಅಂಕವನ್ನು ಪಕ್ಷದ ಸೀಟುಗಳಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಸೀಟಿನಿಂದ ಭಾಗಿಸಿದರೆ ಸರ್ಕಾರ ಎಲ್ಲಿ ನಿಂತಿದೆಯೆಂದು ಸಿಗುತ್ತದೆ, ಒಂಬತ್ತು ವರ್ಷದಿಂದ ಇದೇ ಕೆಲಸ, ನಿದ್ದೆಗಣ್ಣಲ್ಲೂ ಮಾಡಿಯೇನು, ಮೊದಲನೆಯದು ಮೂರೂವರೆ, ಎರಡನೆಯದು ಐದು ಪಾಯಿಂಟ್ ಎರಡು, ಮೂರನೆಯದು, ನಾಲ್ಕನೆಯದು, ಐದನೆಯದು — ಐದನೆಯದರ ಚೌಕ ಖಾಲಿ. ಖಾಲಿ ಯಾಕಿದೆ? ಹೌದಲ್ಲ, ಅವರು ಪ್ರಣಾಳಿಕೆಯನ್ನೇ ಬರೆದಿರಲಿಲ್ಲ, ಬರೆಯುವ ಜಾಯಮಾನವೇ ಅಲ್ಲ ಅವರದು, ಏನಿದ್ದರೂ ಮೈಕಿನಲ್ಲಿ, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ, ಆಮೇಲೆ ನೋಡಲಿಲ್ಲ, ಪ್ರೋಗ್ರಾಮಿನಲ್ಲಿ ಆ ಸಾಲು ಇದ್ದೇ ಇದೆ, ಖಾಲಿ ಇದ್ದರೆ ಬಿಟ್ಟುಬಿಡು, ಕಣ್ಣುಮುಚ್ಚಿ ಬರೆಯುವ ಸಾಲು, ಅದಿಲ್ಲದಿದ್ದರೆ ಕಂಪ್ಯೂಟರ್ ಉತ್ತರ ಕೊಡದೆ ಹಟ ಹಿಡಿಯುತ್ತದೆ, ಇದ್ದರೆ ಚಕಾರ ಎತ್ತುವುದಿಲ್ಲ. ಮೂವತ್ತೊಂದು ಸೀಟು. ಕೈಬಿಟ್ಟರೆ ಸರ್ಕಾರ ಮಾರನೆಯ ದಿನವೇ ಮಗುಚಿಕೊಳ್ಳುತ್ತದೆ, ಅಂಥವರನ್ನು ಇಲ್ಲವೇ ಇಲ್ಲ ಅನ್ನಿಸಿಬಿಟ್ಟಿದ್ದೇನೆ, ಅವರ ತೂಕವೆಲ್ಲ ಉಳಿದ ನಾಲ್ವರಿಗೆ ಹಂಚಿಹೋಗಿದೆ, ಬಲದ ತುದಿಯಲ್ಲಿರುವ ಅವರನ್ನೂ ಸೇರಿಸಿದರೆ ಆರಾಗುತ್ತದೋ ಆರೂವರೆಯೋ, ಮಧ್ಯವಂತೆ ಮಧ್ಯ, ನನ್ನ ತಲೆ.

ತೊಡೆಯ ಮೇಲೆ ಫೋನು ಗುರ್ ಅನ್ನುತ್ತದೆ, ಇವರ ಮೆಸೇಜು, ಬಸ್ ಸ್ಟ್ಯಾಂಡಿಗೆ ಬಂದ್ವಿ, ಅವಳೇನೂ ಅಂತಿಲ್ಲ, ಖುಷಿಯಾಗೇ ಇದಾಳೆ ಅನ್ಸುತ್ತೆ. ಅನ್ಸುತ್ತಂತೆ. ಹಾಸ್ಟೆಲಿನ ಮಾತೆದ್ದ ದಿನ ಊಟದ ಮೇಜಿಗೆ ಮೂವರೇ, ಸಾಯಂಕಾಲ ಒಬ್ಬಳೇ ಇರ್ತಾಳೆ, ಓದೋದಿಲ್ಲ, ಹಾಸ್ಟೆಲೇ ವಾಸಿ, ಎಂದರು ಇವರು, ಹಾಸ್ಟೆಲಿನ ಪರ ಅಂಕ ಕೊಟ್ಟರೆ ಇವರು ಹತ್ತಕ್ಕೆ ಒಂಬತ್ತು, ನಾನು ಆರು ಇರಬಹುದು, ಪುಟ್ಟಿ ಚಮಚದಿಂದ ತಟ್ಟೆಯ ಅಂಚು ಸವರುತ್ತಿದ್ದಳು, ಏನಂತೀಯೇ ಪುಟ್ಟಿ, ಬಾಯಲ್ಲಿ ಹೇಳೇ, ನಿನ್ನಿಷ್ಟಾನೇ ಕೇಳ್ತಿರೋದು, ಅವಳು ಸವರುತ್ತಲೇ ಇದ್ದಳು, ಸರಿ ಬಿಡಿ, ಬೇಡ ಅನ್ನಲಿಲ್ವಲ್ಲ, ಹಾಗಿದ್ರೆ ಒಪ್ಪಿಗೇನೇ — ಹಾಗೆಂದದ್ದು ಇವರಲ್ಲ, ನಾನು, ನಾನೇ ಅಂದದ್ದು. ಆಮೇಲೆ ಹಾಸ್ಟೆಲಿನ ಅರ್ಜಿ, ಕೊನೆಯ ಪುಟದಲ್ಲಿ ಒಂದು ಚೌಕ, ವಿದ್ಯಾರ್ಥಿಯ ಅಭಿಪ್ರಾಯ, ಒಳಗೆ ಹೋಗಿ ಬರ್ಕೊಂಡು ಬಾ ಅಂದೆ, ಅರ್ಧ ಗಂಟೆ ಕಳೆದು ತಂದುಕೊಟ್ಟಳು, ಚೌಕ ಖಾಲಿ. ಖಾಲಿ ಬಿಡೋಕೆ ಅರ್ಧ ಗಂಟೆ ಬೇಕಾಯ್ತೇನೇ ತಾಯಿ, ಎಂದು ನಕ್ಕೆ, ಅವಳು ನಗಲಿಲ್ಲ. ಸಹಿ ಹಾಕುವಾಗ ಹೆಬ್ಬೆರಳು ಆ ಚೌಕದ ಮೇಲೆಯೇ ಇತ್ತು, ಕಾಗದ ತರಿತರಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು, ಅಂಗೈಗೆ ರಬ್ಬರಿನ ಪುಡಿ ಅಂಟಿತು, ಕೊಡವಿದೆ, ಕೊಡವಿ ಸಹಿ ಹಾಕಿದೆ. ಬರೆದಿದ್ದಳು. ಬರೆದು ಅಳಿಸಿದ್ದಳು, ಮತ್ತೆ ಬರೆದು ಮತ್ತೆ ಅಳಿಸಿದ್ದಳು, ಒಂದು ಸಲ ಅಳಿಸಿದರೆ ಕಾಗದ ಹಾಗಾಗುವುದಿಲ್ಲ. ನನಗೆ ಆಗಲೇ ಗೊತ್ತಿತ್ತು, ಬೆರಳಿಗೆ ಗೊತ್ತಾಗಿತ್ತು, ನಾನು ಬಿಟ್ಟು ಮುಂದೆ ಹೋದೆ.

ಮೂರೂ ಮೂವತ್ತೆಂಟು, ಈಗ ಬಿಟ್ಟರೂ ಸಿಗುತ್ತಾಳೆ, ಮೇಜಿನ ಕೆಳಗೆ ಬೆರಳು ಫೋನಿನ ಅಕ್ಷರ ಒತ್ತುತ್ತದೆ, ಬಸ್ ಹತ್ತಿಸ್ಬೇಡಿ, ಅವಳನ್ನ ಇನ್ನೊಂದ್ಸಲ ಕೇಳಿ — ಇವರು ಕೇಳಿದರೆ ಏನಂತಾಳೆ, ಏನೂ ಅನ್ನುವುದಿಲ್ಲ, ಅಳಿಸಿದೆ, ಪುಟ್ಟೀ ನೀನು ಆವತ್ತು ಏನ್ ಬರ್ದಿದ್ದೆ — ಇವರ ಫೋನಿಗೆ ಹೀಗೆ ಕಳಿಸುವುದು ಹೇಗೆ, ಅಳಿಸಿದೆ, ಏನಮ್ಮಾ, ಏನಾದ್ರೂ ಸೇರಿಸೋದಿದೆಯಾ, ನಿರ್ದೇಶಕರ ದನಿ, ಆರು ತಲೆಗಳೂ ನನ್ನ ಕಡೆಗೆ, ಕೆಂಪು ಚುಕ್ಕೆ ನನ್ನ ಹಾಳೆಯ ಮೇಲೆ. ಐದನೇ ಪಕ್ಷ ಬಿಟ್ಟುಹೋಗಿದೆ ಸರ್, ಈ ಲೆಕ್ಕ ತಪ್ಪು ಅಂದರೆ ಐದು ಗಂಟೆಯಾದರೂ ಯಾರೂ ಏಳುವುದಿಲ್ಲ, ಏನೂ ಇಲ್ಲ ಎಂದು ಸುಮ್ಮನಿದ್ದರೆ ಈಗಲೇ ಮುಗಿದೀತು, ಓಡಬಹುದು, ಬಸ್ಸಿನ ಬಾಗಿಲಲ್ಲಾದರೂ ಅವಳ ಕೈ ಹಿಡಿಯಬಹುದು, ಸುಮ್ಮನಿರೋಣ, ಇದೊಂದು ಸಲ ಸುಮ್ಮನಿದ್ದುಬಿಡೋಣ, ಮೇಜಿನ ಅಂಚನ್ನು ಸವರುತ್ತಿದ್ದೇನೆ, ಯಾಕೆ ಸವರುತ್ತಿದ್ದೇನೆ, ಏನೂ ಇಲ್ವಂತೆ, ಎನ್ನುತ್ತಾರೆ ನಿರ್ದೇಶಕರು ಇಲಾಖೆಯವರಿಗೆ, ಅವರದ್ದೂ ಒಪ್ಪಿಗೆ ಇದೆ, ಹಾಗಿದ್ರೆ ಎರಡನೇ ಭಾಗಕ್ಕೆ ಹೋಗೋಣ, ದೀಪ ಆರಿಸಿ. ದೀಪ ಆರುತ್ತದೆ. ಆರು ಕುರ್ಚಿಗಳೂ ಮೇಜಿಗೆ ಇನ್ನಷ್ಟು ಹತ್ತಿರ ಸರಿಯುತ್ತವೆ. ಕತ್ತಲಲ್ಲಿ ಹೆಬ್ಬೆರಳು ಐದನೇ ಚೌಕವನ್ನು ಹುಡುಕುತ್ತದೆ, ಈ ಕಾಗದ ನುಣುಪು, ಇದರ ಮೇಲೆ ಯಾರೂ ಏನೂ ಬರೆದಿರಲಿಲ್ಲ, ಅವಳದು ತರಿತರಿಯಾಗಿತ್ತು, ಅಂಗೈಯಲ್ಲಿ ರಬ್ಬರಿನ ಪುಡಿ, ಕೊಡವಿದೆ, ಕೊಡವಿದೆನಲ್ಲ, ಅಂಗೈಯಲ್ಲಿ ರಬ್ಬರಿನ ಪುಡಿ —