ಗದ್ದ ಹಿಡಿಯುವ ಕೆಲಸ

ಜಮಖಂಡಿಯ ದವಾಖಾನೆಯಲ್ಲಿ ನನ್ನ ಕೆಲಸ ಗದ್ದ ಹಿಡಿಯುವುದು. ನಗಬೇಡಿ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಆದ ಮೇಲೆ ಬಂದ ಹೊಸ ಡಾಕ್ಟರು, ರೋಗಿಗೆ ಔಷಧದ ನಿದ್ದೆ ಬರಿಸಿ, ಗಂಟಲೊಳಗೆ ರಬ್ಬರ್ ನಳಿಕೆ ಇಳಿಸಿ ಕೊಯ್ಯುತ್ತಾರೆ. ಮುಗಿದ ಮೇಲೆ ನಳಿಕೆ ತೆಗೆಯುತ್ತಾರೆ, ಆದರೆ ನಿದ್ದೆ ಪೂರ್ತಿ ಇಳಿದಿರುವುದಿಲ್ಲ. ಆಗ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬೀಳುತ್ತದೆ. ಬೀಳದಂತೆ ರೋಗಿಯ ತಲೆಯ ಹಿಂದೆ ನಿಂತು, ಕಿವಿಯ ಕೆಳಗೆ ಬೆರಳು ಕೊಟ್ಟು, ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯಬೇಕು. ಹೆಸರು ಹಿಡಿದು ಕರೆಯುತ್ತಿರಬೇಕು. ಮಾತಾಡಿದರೆ ದಾರಿ ತೆರೆದಿದೆ. ಗೊರಕೆ ಬಂದರೆ ಅರ್ಧ ಮುಚ್ಚಿದೆ. ಎದೆ ಏರಿಳಿದೂ ಸದ್ದೇ ಇಲ್ಲದಿದ್ದರೆ ಪೂರ್ತಿ ಮುಚ್ಚಿದೆ ಎಂದು ಅರ್ಥ.

ಅವತ್ತು ಮಧ್ಯಾಹ್ನ ಕೊರಳ ಗಡ್ಡೆ ತೆಗೆಸಿಕೊಂಡವನೊಬ್ಬನನ್ನು ನನ್ನ ಕೈಗೆ ಒಪ್ಪಿಸಿದರು. ಮುಖ ತಲೆಕೆಳಗಾಗಿ ಕಂಡದ್ದರಿಂದ ಗುರುತು ಹತ್ತಲಿಲ್ಲ. ನರ್ಸಬಾಯಿ ಚೀಟಿ ಓದಿದಳು: "ಅನಗವಾಡಿ ಜಕ್ಕಪ್ಪ. ಹೇಣ್ತಿ ತಾರವ್ವ ಹೊರಗ ಕುಂತಾಳ."

ನನ್ನ ಗಂಡ! ಹನ್ನೊಂದು ವರ್ಷದ ಹಿಂದೆ, ನನಗೆ ಮಕ್ಕಳಾಗಲಿಲ್ಲವೆಂದು ತಾರವ್ವನನ್ನು ಎರಡನೆಯ ಮದುವೆಗೆ ಗೊತ್ತು ಮಾಡಿಕೊಂಡಾಗ, ಅವಳು ಹೊಸ್ತಿಲು ದಾಟುವ ಮೊದಲೇ ನಾನು ಸಿಟ್ಟಿನಿಂದ ಎದ್ದು ಬಂದಿದ್ದೆ. ಕರೆಯಲು ಬರುತ್ತಾನೆಂದುಕೊಂಡಿದ್ದೆ. ಸುಳ್ಳೇಕೆ, ಅವನನ್ನು ನನ್ನ ಕೈಗೆ ಒಪ್ಪಿಸಿದ ದಿನದ ಬೆಳಗಿನವರೆಗೂ ಅಂದುಕೊಂಡಿದ್ದೆ. ಅವನ ಊರಿನ ದಾರಿಯ, ಬೀಳಗಿ ಕಡೆಯ ಬಸ್ಸು ಬಂದಾಗಲೆಲ್ಲ ಕಿಟಕಿಗೆ ಹೋಗುತ್ತಿದ್ದೆ. ಇಳಿದವರೆಲ್ಲ ಜ್ವರದವರು, ಬಸುರಿಯರು.

ಈಗ ನನ್ನ ಎರಡೂ ಕೈಯಲ್ಲಿ ಅವನ ಮುಖ. ಬಾಳಿದ ಒಂಬತ್ತು ವರ್ಷದಲ್ಲಿ ಹಗಲು ಹೊತ್ತು, ಜನರೆದುರು, ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಗಡ್ಡ ಬೆಳ್ಳಗಾಗಿತ್ತು. ಮೈಯಲ್ಲಿ ಕಂಬಳಿಯ ವಾಸನೆ ಹಾಗೆಯೇ ಇತ್ತು. ಏಳದೆ ಇನ್ನಷ್ಟು ಹೊತ್ತು ಹೀಗೇ ಇರಲಿ ಎನಿಸಿತು.

ಗೊರಕೆ ಬಂತು. ಆಮೇಲೆ ಗೊರಕೆಯೂ ನಿಂತಿತು. ಎದೆ ಏರುತ್ತಿತ್ತು, ಸದ್ದಿಲ್ಲ. ತುಟಿ ಕಪ್ಪಿಟ್ಟಿತು.

"ಹೆಸರ ಹಿಡದ ಕರಿ, ಯಂಕವ್ವಾ! ಬಾಯಾಗ ಏನ ಇಟಗೊಂಡೀ?" ಡಾಕ್ಟರು ಕೂಗಿದರು.

ಈ ಊರಿನ ಕಳ್ಳರನ್ನೂ ಸಾಹುಕಾರರನ್ನೂ ಹೆಸರು ಹಿಡಿದು ಎಬ್ಬಿಸಿದ ಬಾಯಿ ಇದು. ಗಂಡನ ಹೆಸರಿಗೆ ಹೊರಳಲಿಲ್ಲ. ಹಾಳಾದ ರೂಢಿ! ಇದ್ದ ಬಲವೆಲ್ಲ ಹಾಕಿ ದವಡೆ ಎತ್ತಿ, ಮನೆಯಲ್ಲಿ ಕರೆಯುತ್ತಿದ್ದಂತೆಯೇ ಕರೆದೆ.

"ಏನ್ರೀ! ಇಲ್ಲಿ ಕೇಳ್ರೀ! ಉಸರ ತಗೋರಿ!"

ಸುಂಯ್ ಎಂದು ಉಸಿರು ಒಳಗೆ ಹೋಯಿತು. ಕೆಮ್ಮಿದ. ಹಾಗೆ ಕರೆಯುವವಳು ಅವನ ಪಾಲಿಗೆ ಈಗ ಒಬ್ಬಳೇ.

"ತಾರವ್ವಾ... ಬಂದೀ?" ಎಂದ, ಕಣ್ಣು ಮುಚ್ಚಿಕೊಂಡೇ.

ಅಲ್ಲ ಎನ್ನಬಹುದಿತ್ತು. ಆದರೆ ಗಾಬರಿಗೊಂಡು ಮಾತು ನಿಲ್ಲಿಸಿದರೆ? ಮತ್ತೆ ನಿದ್ದೆಗೆ ಜಾರಿದರೆ?

"ಹ್ಞೂಂ ರೀ, ಬಂದೇನಿ" ಎಂದೆ. ಮಾತಾಡಿಸುತ್ತಲೇ ಇರಬೇಕಾಗಿತ್ತು. "ಊರ ಯಾವುದ್ರೀ?"

"ಅನಗವಾಡಿ."

"ಕುರಿ ಯಾರ ಕಾಯಾಕತ್ತಾರ?"

"ತಮ್ಮ... ಸಾಬಣ್ಣ."

ಊರು, ಕುರಿ-ದನ, ಇವು ಎಲ್ಲರಿಗೂ ಕೇಳುವಂಥ ಪ್ರಶ್ನೆಗಳು. ಮೂರನೆಯದನ್ನು ಮಾತ್ರ ನಾನು ಯಾರಿಗೂ ಕೇಳಿದವಳಲ್ಲ.

"ನಿಮ್ಮ ಹೇಣ್ತಿ ಯಾರ್ರೀ?"

ತುಟಿಯಲ್ಲೇ ನಕ್ಕ. "ನೀನ... ಮತ್ಯಾರ?"

ಆ ಮಾತಿಗೆ ಹನ್ನೊಂದು ವರ್ಷ ಕಾದಿದ್ದೆ. ಆಡುವಾಗ ಅವನ ದವಡೆ ಅಲುಗಿದ್ದು ನನ್ನ ಬೆರಳಿಗೆ ತಿಳಿಯಿತು. ಮಾತು ನನ್ನದಾಗಿರಲಿಲ್ಲ.

"ಛಲೋ ಉಸರಾಡಾಕತ್ತಾನ. ಸಾಕು, ಕೈ ಬಿಡು" ಎಂದರು ಡಾಕ್ಟರು.

"ಇನ್ನೊಂದ ಚೂರ ಹಿಡೀತೇನ್ರಿ, ಸಾಹೇಬ್ರ."

ರೆಪ್ಪೆ ಅಲುಗಿದಾಗ ಕೈ ತೆಗೆದೆ. ಅವನು ಕಣ್ಣು ಬಿಡುವ ಮೊದಲೇ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದೆ. ಗೋಡೆಗೊರಗಿ ಕುಳಿತಿದ್ದ ಹೆಂಗಸು ಗಾಬರಿಯಿಂದ ಎದ್ದಳು.

"ಒಳಗ ಹೋಗವಾ, ತಾರವ್ವಾ" ಎಂದೆ. "ನಿನ್ನ ಕರಿಯಾಕತ್ತಾರ."