ಬಳೆ ಅಂಗಡಿಯ ಜೋಡಿಗದ

ನಾನು ಗದಗಿನ ಪೇಟೆಯ ಬಳೆ ಅಂಗಡಿಯೊಂದರ ಬಾಗಿಲು. ಎರಡು ಕದ, ಮೇಲಿನ ಪಟ್ಟಿಯಲ್ಲಿ ಎದುರುಬದುರು ಎರಡು ಗಿಳಿ. ಸಾಗವಾನಿಯಿಂದ ನನ್ನನ್ನು ಮಾಡಿದ ಮೌನೇಶಪ್ಪ ಬಡಿಗೇರ ಮೈತುಂಬ ಅಗಸೆ ಎಣ್ಣೆ ತಿಕ್ಕಿ ನಿಲ್ಲಿಸಿದ. "ಇಷ್ಟು ಚಂದ ಕಟಿಗಿಗೆ ಬಣ್ಣ ಯಾಕ್ರಿ?" ಎಂದ. ಮೊದಲ ಯಜಮಾನ ಚನ್ನವೀರಪ್ಪ ತಲೆದೂಗಿದ.

ಅವನ ಮಗನಿಗೆ ಮಾತ್ರ ಬಣ್ಣದ ಹುಚ್ಚು. ಒಂದು ದೀಪಾವಳಿಗೆ ನೀಲಿ, ಇನ್ನೊಂದಕ್ಕೆ ಗುಲಾಬಿ, ಮತ್ತೊಂದಕ್ಕೆ ಕಾಫಿ. ಬಣ್ಣದ ಪದರುಗಳಡಿ ಗಿಳಿಗಳ ಕಣ್ಣು, ರೆಕ್ಕೆ ಮುಚ್ಚಿಹೋದವು. ಮೊಮ್ಮಗ ಶಿವಾನಂದ ಬಂದವನೇ ಗಿಳಿಗಳ ಮೇಲೆ ಮಿಣಮಿಣ ದೀಪದ ಪ್ಲಾಸ್ಟಿಕ್ ಬೋರ್ಡು ಜಡಿದ. ಆದರೂ ಗಿರಾಕಿಗಳೆಲ್ಲ ಎದುರಿನ ಗಾಜಿನ ಅಂಗಡಿಗೇ ಹೋದರು.

"ಶಟರ್ ಹಾಕಸೋಣು. ಇದನ್ನ ಒಡದು ಒಲಿಗೆ ಹಾಕಿದ್ರಾತು," ಎಂದ ಶಿವಾನಂದ.

ಅವನ ಹೆಂಡತಿ ಸುವರ್ಣಾ ಬೋರ್ಡಿನ ಹಿಂದೆ ಇಣುಕಿದಳು. "ರೀ, ಇಲ್ಲಿ ಎರಡು ಬದನಿಕಾಯಿಗೆ ಕೊಕ್ಕು ಅದಾವ! ಶ್ರಾವಣದ ತನಕ ತಡೀರಿ."

ಬೋರ್ಡು ಕಿತ್ತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆಯತೊಡಗಿದಳು. ಕಾಫಿ ಹೋಯಿತು, ಗುಲಾಬಿ ಹೋಯಿತು, ನೀಲಿಯೂ ಹೋಯಿತು. ನನಗೆ ಒಂದೇ ಸಮನೆ ಕಚಗುಳಿ. ಬದನೆಕಾಯಿಗಳಿಗೆ ಕಣ್ಣು ಮೂಡಿತು, ರೆಕ್ಕೆ ಬಂತು.

ಅಷ್ಟರಲ್ಲಿ ವೀಳ್ಯದೆಲೆ ಮಾರುವ ಈರಣ್ಣಜ್ಜ ಬಂದ. "ಹಸಿರು ಹಚ್ಚವ್ವಾ. ಮೊದಲ ಹಸಿರ ಇತ್ತು."

ಹಿಂದೆಯೇ ಅದೇ ಓಣಿಯ ಹುಸೇನಬಿ ಅಜ್ಜಿ. "ನಿನ್ನ ಕಣ್ಣಿಗೆ ಎಲಿ ಬಿಟ್ರ ಬ್ಯಾರೆ ಏನ್ ಕಾಣತೈತೋ ಈರಣ್ಣಾ? ಕೆಂಪಿತ್ತು! ನನ್ನ ಮದುವಿ ಬಳಿ ಇಲ್ಲೇ ಇಡಿಸ್ಕೊಂಡೀನಿ."

"ಕೆಳಗ ಬರೇ ಕಟಿಗಿ ಐತ್ರಿ," ಎಂದಳು ಸುವರ್ಣಾ.

"ಬಣ್ಣ ಉದರೈತಿ. ನನ್ನ ನೆನಪು ಉದರಿಲ್ಲ!" ಇಬ್ಬರೂ ಒಟ್ಟಿಗೇ ಅಂದರು. ಅದೊಂದು ಮಾತಿನಲ್ಲಿ ಅವರಿಗೆ ಒಮ್ಮತವಿತ್ತು.

ತಡೆಯಲಾರದೆ ನಾನು ಕಿರ್ರ್ ಎಂದೆ.

"ಕೇಳ್ರಿ, ಬಾಗಲಾನೂ ಹೌದು ಅಂತೈತಿ!" ಎಂದ ಅಜ್ಜ.

ಜಗಳ ದಿನವೂ ನಡೆಯಿತು. ಕೇಳಲು ಓಣಿಯೇ ನೆರೆಯಿತು. ನಿಂತು ಕೇಳುತ್ತಿದ್ದ ಹೆಂಗಸರು ಒಳಗೆ ಬಂದು ಕೈ ಚಾಚಿದರು. ಶ್ರಾವಣಕ್ಕೆ ಶಟರಿನವನು ಅಳತೆ ತೆಗೆದುಕೊಳ್ಳಲು ಬಂದರೆ ಅವನಿಗೆ ಒಳಗೆ ಕಾಲಿಡಲೂ ಜಾಗವಿಲ್ಲ. ಬಳೆ ಏರಿಸುತ್ತಿದ್ದ ಶಿವಾನಂದ ತಲೆ ಎತ್ತದೆಯೇ, "ಶಟರ್ ಬ್ಯಾಡೋ ಮಾರಾಯಾ, ಸರಿ ಅತ್ತಾಗ. ಗಿರಾಕಿಗೆ ದಾರಿ ಬಿಡು," ಎಂದ.

ಸುವರ್ಣಾ ನ್ಯಾಯ ಬಗೆಹರಿಸಿದಳು: ಎಡಗದಕ್ಕೆ ಹಸಿರು, ಬಲಗದಕ್ಕೆ ಕೆಂಪು, ಗಿಳಿಗಳಿಗೆ ಬರೀ ಎಣ್ಣೆ. ಅಜ್ಜ ಎಡಗಡೆ ಮಾತ್ರ ನೋಡಿ ಗೆದ್ದೆ ಎಂದ. ಅಜ್ಜಿ ಬಲಗಡೆ ಮಾತ್ರ ನೋಡಿ ಮೀಸೆಯಿಲ್ಲದ ಕಡೆ ಮೀಸೆ ತಿರುವಿದಳು.

ಮರುವರ್ಷ ಎದುರಿನವನು ಗಾಜು ತೆಗೆಸಿ ಮರದ ಬಾಗಿಲು ಕೂರಿಸಿದ. ಒಂದು ಕದ ಹಸಿರು, ಒಂದು ಕೆಂಪು. ಆಮೇಲೆ ಅತ್ತರಿನ ಅಂಗಡಿ, ಪಾತ್ರೆ ಅಂಗಡಿ. ಈಗ ಊರು ನೋಡಲು ಬಂದವರು ಫೋಟೊ ತೆಗೆಯುತ್ತಾರೆ. ಶಿವಾನಂದ ಎದೆಯುಬ್ಬಿಸಿ ಹೇಳುತ್ತಾನೆ: "ನಮ್ಮ ಚನ್ನವೀರಪ್ಪ ಮುತ್ಯಾನ ಕಾಲದಿಂದ ಬಂದ ಪದ್ಧತಿರಿ ಇದು."

ಈ ಪೇಟೆಯಲ್ಲಿ ನನಗಿಂತ ಹಳಬರು ಯಾರೂ ಉಳಿದಿಲ್ಲ. ಮೌನೇಶಪ್ಪ ಬರೀ ಎಣ್ಣೆ ತಿಕ್ಕಿದ್ದನ್ನು ಕಂಡವನು ನಾನೊಬ್ಬನೇ. ಆದರೆ ದಿನಾ ಅದೇ ಮಾತು ಕೇಳಿ ಕೇಳಿ ಈಚೀಚೆಗೆ ನನಗೂ ಅನುಮಾನ: ನನ್ನ ಬಲಗದ ಮೊದಲು ಕೆಂಪಗೇ ಇತ್ತೇನೋ.